ಕೊಳೆತ ಕಾಯಿಯೂ ವಿಜ್ಞಾನಿಗಳ ವಿದೇಶ ಪ್ರಯಾಣವೂ

ನಮ್ಮ ಹಿರೇಕೆರೂರು ಸೀಮೆಯ ಅಡಿಕೆ ಬೆಳೆಗಾರರು ಆಗಾಗ ಒಂದು ಮಾತು ಆಡುವುದುಂಟು: “ಮಳೆಗಾಲದಲ್ಲಿ ಬಂದು ಕೊಳೆತ ಕಾಯಿ ಆರಿಸಿಕೊಂಡು ಹೋದರು. ಏನಾಯಿತೆಂದು ಕೇಳಿದರೆ, ಸಾಹೇಬರು ಸಮ್ಮೇಳನಕ್ಕೆ ಹೊರದೇಶಕ್ಕೆ ಹೋಗಿದ್ದಾರೆ ಅಂತಾರೆ!” ಈ ಮಾತಿನಲ್ಲಿ ಸಿಟ್ಟೂ ಇದೆ, ನ್ಯಾಯವೂ ಇದೆ. ಒಂದು ಕಚೇರಿಗೆ ಕಾಯಿ ಕಳಿಸಿ ಎರಡು ಮಳೆಗಾಲ ಉತ್ತರಕ್ಕೆ ಕಾದವರು ನಾವೂ ಹೌದು. ಆದರೂ ಆ ಕಾಯಿ ಏನಾಗುತ್ತದೆ, ಆ ಪ್ರಯಾಣ ಯಾತಕ್ಕೆ ಎಂಬುದನ್ನು ಸದಸ್ಯ ಬಾಂಧವರು ತಿಳಿದಿರುವುದು ಒಳ್ಳೆಯದು.

ಕೊಳೆರೋಗಕ್ಕೆ ಕಾರಣ ಫೈಟೊಫ್ತೊರ ಎಂಬ ಸೂಕ್ಷ್ಮಜೀವಿ. ಗೊನೆಯ ಮೇಲೆ ಅದು ಚೆನ್ನಾಗಿ ಕೈಗೆ ಸಿಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ. ಕಾಯಿಯಿಂದ ಅದನ್ನು ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಬೇಕು. ಬೆಳೆದದ್ದನ್ನು ಒಳ್ಳೆಯ ಕಾಯಿಗೆ ತಗುಲಿಸಿ ಅದೇ ಕೊಳೆ ಬರುತ್ತದೆಯೇ ನೋಡಬೇಕು. ಬಂದರೆ ಆ ಕಾಯಿಯಿಂದ ಮತ್ತೆ ಅದೇ ಜೀವಿಯನ್ನು ಹೊರತೆಗೆದು ತೋರಿಸಬೇಕು. ಒಂದು ಮಳೆಗಾಲದ ಫಲಿತಾಂಶವನ್ನು ಯಾರೂ ಪೂರ್ತಿ ನಂಬುವುದಿಲ್ಲವಾದ್ದರಿಂದ ಮರುವರ್ಷವೂ ಇದೇ ಕೆಲಸ. ಇನ್ನು ಸಮ್ಮೇಳನ ಆಗಸ್ಟಿನಲ್ಲಿದ್ದರೆ ಪ್ರಬಂಧದ ಸಾರಾಂಶವನ್ನು ಸಾಮಾನ್ಯವಾಗಿ ಆ ವರ್ಷದ ಆರಂಭದಲ್ಲಿಯೇ ಕಳಿಸಬೇಕಾಗುತ್ತದೆ. ಅಂದರೆ ಈ ಜುಲೈನಲ್ಲಿ ತಾವು ಕೊಟ್ಟ ಕಾಯಿಯ ಸುದ್ದಿ ಈ ಆಗಸ್ಟಿನ ಸಭೆಯಲ್ಲಿ ಬರುವುದು ಸಾಧ್ಯವೇ ಇಲ್ಲ.

ಸಾರಾಂಶ ಒಪ್ಪಿಗೆಯಾದರೆ ಹತ್ತು ಹದಿನೈದು ನಿಮಿಷದ ಭಾಷಣ, ಇಲ್ಲವೇ ಗೋಡೆಗೆ ತೂಗುಹಾಕುವ ಒಂದು ಭಿತ್ತಿಪತ್ರ. ಆಮೇಲೆ ಸಂಸ್ಥೆಯ ಅನುಮತಿ, ಪ್ರಯಾಣ ವೆಚ್ಚದ ಮಂಜೂರಾತಿ, ವೀಸಾ. ಇವುಗಳಲ್ಲಿ ಒಂದು ತಡವಾದರೂ ವರ್ಷದ ಸಿದ್ಧತೆ ನೀರುಪಾಲು. ಲೋಕದ ಗತಿಯೂ ಅಡ್ಡ ಬರುತ್ತದೆ: ಮೂರನೆಯ ಅಂತರರಾಷ್ಟ್ರೀಯ ಸೂಕ್ಷ್ಮಜೀವಿ ವಿಜ್ಞಾನ ಸಮ್ಮೇಳನ ನ್ಯೂಯಾರ್ಕಿನಲ್ಲಿ ಆರಂಭವಾದದ್ದು 1939ರ ಸೆಪ್ಟೆಂಬರ್ 2ರಂದು, ಪೋಲೆಂಡಿನ ಮೇಲೆ ಜರ್ಮನಿ ಯುದ್ಧ ಹೂಡಿದ ಮರುದಿನ! 2020ರಲ್ಲಿ ಕೋವಿಡ್ ಬಂದಾಗಲೂ ಇಂಥ ಎಷ್ಟೋ ಸಭೆಗಳು ಮುಂದೆ ಹೋದವು.

ಚೀಲದಲ್ಲಿ ನಮ್ಮ ಕಾಯಿ ಹೋಗುವುದಿಲ್ಲ ಎಂಬುದನ್ನೂ ತಿಳಿಯಬೇಕು. ಜೀವಂತ ರೋಗಾಣುವನ್ನು ಮನಬಂದಂತೆ ಗಡಿ ದಾಟಿಸುವಂತಿಲ್ಲ. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯಿದೆ ಇದೆ. ಆ ದೇಶದಲ್ಲಿ ಸಸ್ಯ ಸಂಪರ್ಕತಡೆಯ ನಿಯಮಗಳಿವೆ. ಹೋಗುವುದು ಚಿತ್ರ ಮತ್ತು ಅಂಕಿಗಳು. ಇದು ಬರಿಯ ಕಾಗದದ ಕಟ್ಟುಪಾಡಲ್ಲ. ಕಾಫಿಯ ಎಲೆ ತುಕ್ಕು ರೋಗ ಬಹುಕಾಲ ಅಮೆರಿಕ ಖಂಡಕ್ಕೆ ಕಾಲಿಟ್ಟಿರಲಿಲ್ಲ. 1970ರಲ್ಲಿ ಬ್ರೆಜಿಲ್‌ನಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಬೆಳೆಗಾರರ ನಿದ್ದೆ ಹೋಯಿತು.

ಹಾಗಾದರೆ ಹೋಗಿ ಬಂದದ್ದರಿಂದ ನಮಗೇನು ಬಂತು? ಅಡಿಕೆಯದನ್ನೇ ನೋಡೋಣ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆಯನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಐರ್ಲೆಂಡಿನ ಪೆಥಿಬ್ರಿಜ್ 1913ರಲ್ಲಿ ಆ ಜೀವಿಗೆ ಅಡಿಕೆಯ ಹೆಸರನ್ನೇ ಇಟ್ಟರು. ಈಚೆಗೆ ಕರ್ನಾಟಕದ ಕಾಯಿಗಳಲ್ಲಿ ಅದೇ ಕುಲದ ಮೀಡಿ ಎಂಬ ಬೇರೊಂದು ಜಾತಿ ಕಂಡುಬಂದಿದೆ. ಹೆಸರಿನ ಜಗಳ ನಮಗೇಕೆ ಎನ್ನಬೇಡಿ. ರೋಗಾಣು ಯಾವುದೆಂದು ಗೊತ್ತಾಗದೆ ಸಿಂಪರಣೆ ಮಾಡುವುದು ಕತ್ತಲೆಯಲ್ಲಿ ಕಲ್ಲು ಹೊಡೆದಂತೆ.

ಕಾಫಿಯಲ್ಲಿ ಲಾಭ ಇನ್ನೂ ಸ್ಪಷ್ಟ. ಬಾಳೆಹೊನ್ನೂರಿನಲ್ಲಿದ್ದ ಮೇಯ್ನ್ ಎಂಬುವರು ತುಕ್ಕು ರೋಗಾಣುವಿನಲ್ಲಿ ಒಂದೇ ಬಗೆಯಲ್ಲ, ಹಲವು ಬಗೆಗಳಿವೆ ಎಂದು 1932ರಲ್ಲಿ ತೋರಿಸಿದರು. ಒಂದು ಬಗೆಗೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುವುದೇಕೆ ಎಂಬುದು ಆಗ ಅರ್ಥವಾಯಿತು. ಈ ಬಗೆಗಳನ್ನು ಪರೀಕ್ಷಿಸಲು 1955ರಲ್ಲಿ ಪೋರ್ಚುಗಲ್ ದೇಶದ ಓಯ್ರಾಸ್ ಎಂಬಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಅಲ್ಲಿ ಕಾಫಿ ತೋಟಗಳೇ ಇಲ್ಲವಾದ್ದರಿಂದ ನಾನಾ ದೇಶಗಳ ತುಕ್ಕು ಒಂದೆಡೆ ಸೇರಿದರೂ ಯಾರ ತೋಟಕ್ಕೂ ಅಪಾಯವಿಲ್ಲ. ಇದು ಬಹಳ ಜಾಣತನದ ಏರ್ಪಾಡು. ಅಲ್ಲಿ ತಯಾರಾದ ಕ್ಯಾಟಿಮೋರ್ ತಳಿಯಿಂದಲೇ ನಮಗೆ 1985ರಲ್ಲಿ ‘ಕಾವೇರಿ’ ಬಂದದ್ದು. ಮುಂದೆ ಕಾವೇರಿಗೂ ತುಕ್ಕು ತಗುಲಿತು ಎಂಬುದು ಬೇರೆ ಮಾತು, ಅದು ಇನ್ನೊಂದು ಪ್ರಬಂಧಕ್ಕೆ ವಸ್ತುವಾಯಿತು. 2004ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಕಾಫಿ ವಿಜ್ಞಾನ ಸಮ್ಮೇಳನವೇ ಬೆಂಗಳೂರಿಗೆ ಬಂದಿತ್ತು.

ಇನ್ನು ನಮ್ಮ ಪಾಲಿನ ಕೆಲಸ. ಪೂರ್ತಿ ಕೊಳೆತು ಬಿಳಿ ಬೂಸ್ಟು ಮುಚ್ಚಿದ ಕಾಯಿಯನ್ನು ಕೊಡಬೇಡಿ. ಅದರಲ್ಲಿ ಹತ್ತು ಬಗೆಯ ಜೀವಿಗಳು ಸೇರಿಕೊಂಡಿರುತ್ತವೆ. ಈಗಷ್ಟೇ ನೀರು ಕುಡಿದಂತೆ ಕಪ್ಪುಹಸಿರು ಕಲೆ ಬಿದ್ದ ಕಾಯಿಯೇ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತದೆ, ಹಳೆಯ ಪತ್ರಿಕೆಯಲ್ಲಿ ಸುತ್ತಿ. ಕಿತ್ತ ದಿನ, ಊರು, ಬೋರ್ಡೋ ದ್ರಾವಣ ಸಿಂಪಡಿಸಿದ ದಿನ, ಆ ನಂತರ ಮಳೆ ಎಷ್ಟು ದಿನ ಹಿಡಿಯಿತು, ಇಷ್ಟನ್ನು ಚೀಟಿಯಲ್ಲಿ ಬರೆದಿಡಿ. ಬರೆಯದ ಕಾಯಿ ವಿಜ್ಞಾನಿಗೆ ಅರ್ಧ ಕಾಯಿ.

ಕಾಯಿ ಒಯ್ಯುವವರಿಂದಲೂ ಒಂದು ಚೀಟಿ ಬರೆಸಿಕೊಳ್ಳಿ: ಅವರ ಹೆಸರು, ಸಂಸ್ಥೆ, ಉತ್ತರ ಬರುವ ತಿಂಗಳು. ಪ್ರಬಂಧ ಇಂಗ್ಲಿಷಿನಲ್ಲಿ ಇರಲಿ, ಅಡ್ಡಿಯಿಲ್ಲ. ಅದರ ಸಾರವನ್ನು ಒಂದು ಪುಟ ಕನ್ನಡದಲ್ಲಿ ಸಂಘಕ್ಕೆ ಕಳಿಸಬೇಕೆಂದು ಆಗಲೇ ಕೇಳಿ. ಬಂದ ಪುಟವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.