ದಾಳಗಳ ಲೆಕ್ಕವೂ ಬೆಳಕಿನ ಲೆಕ್ಕವೂ

ಮೂರು ದಾಳಗಳನ್ನು ಒಟ್ಟಿಗೆ ಉರುಳಿಸಿದರೆ ಎಷ್ಟು ಬಗೆಯ ಫಲಗಳು ದೊರೆಯಬಹುದು? ಪ್ರಶ್ನೆ ಸರಳವಾಗಿ ಕಂಡರೂ ಇದಕ್ಕೆ ಎರಡು ಉತ್ತರಗಳುಂಟು. ದಾಳಗಳು ಕೆಂಪು, ಹಸುರು, ನೀಲಿ ಬಣ್ಣದವೆಂದು ಭಾವಿಸೋಣ. ಒಂದೊಂದಕ್ಕೂ ಆರಾರು ಮುಖಗಳಿರುವುದರಿಂದ ಫಲಗಳು 6 × 6 × 6, ಅಂದರೆ 216. ಯಾವ ದಾಳ ಯಾವ ಸಂಖ್ಯೆಯನ್ನು ತೋರಿತೆಂಬುದನ್ನು ಲಕ್ಷಿಸದೆ, ಬಿದ್ದ ಸಂಖ್ಯೆಗಳನ್ನಷ್ಟೇ ಬರೆದುಕೊಂಡರೆ ಫಲಗಳು 56 ಮಾತ್ರ. ಕ್ರಮವನ್ನು ಗಣಿಸದೆ, ಒಂದನ್ನೇ ಮತ್ತೆ ಮತ್ತೆ ಆರಿಸಲು ಅವಕಾಶವಿರುವ ಇಂಥ ಆಯ್ಕೆಯನ್ನು ‘ಪುನರಾವರ್ತನೆಯುಳ್ಳ ವಿಕಲ್ಪ’ ಎನ್ನಬಹುದು.

ಪುನರಾವರ್ತನೆಯಿಲ್ಲದ ವಿಕಲ್ಪಗಳ ಲೆಕ್ಕ ನಮ್ಮ ನಾಡಿಗೆ ಹಳೆಯದು. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಅದರ ಸಾಮಾನ್ಯ ಸೂತ್ರವನ್ನು ಕೊಟ್ಟಿದ್ದಾನೆ. ಅದರಂತೆ 8 ವಸ್ತುಗಳಿಂದ ಬೇರೆ ಬೇರೆ 3ನ್ನು ಆರಿಸುವ ವಿಧಗಳು (8 × 7 × 6) ÷ (3 × 2 × 1) = 56. ದಾಳಗಳ ಲೆಕ್ಕದಲ್ಲಿ ಬಂದುದೂ ಇದೇ ಸಂಖ್ಯೆ. ಇದು ಆಕಸ್ಮಿಕವಲ್ಲ.

1ರಿಂದ 8ರವರೆಗಿನ ಯಾವುವಾದರೂ ಮೂರು ಭಿನ್ನ ಸಂಖ್ಯೆಗಳನ್ನು ಏರುವ ಕ್ರಮದಲ್ಲಿ ಬರೆಯಿರಿ. ಮೊದಲನೆಯದರಿಂದ 0, ಎರಡನೆಯದರಿಂದ 1, ಮೂರನೆಯದರಿಂದ 2 ಕಳೆಯಿರಿ. 1, 2, 3 ಎಂಬುದು 1, 1, 1 ಆಗುವುದು. 2, 3, 7 ಎಂಬುದು 2, 2, 5 ಆಗುವುದು. 6, 7, 8 ಎಂಬುದು 6, 6, 6 ಆಗುವುದು. ಕಳೆದುದನ್ನು ಮರಳಿ ಕೂಡಿಸಿದರೆ ಮೊದಲಿನ ಸಂಖ್ಯೆಗಳೇ ದೊರೆಯುವುವು. ಆದುದರಿಂದ ಎರಡು ಪಟ್ಟಿಗಳೂ ಒಂದಕ್ಕೊಂದು ಸರಿಹೊಂದುತ್ತವೆ. ಯಾವುದೂ ಬಿಟ್ಟುಹೋಗದು, ಯಾವುದೂ ಎರಡು ಸಲ ಬಾರದು.

1990ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅವರು ರೂಪಿಸಿದ ‘ಆರ್’ ಎಂಬ ಗಣಕಭಾಷೆ ಸಂಖ್ಯಾಶಾಸ್ತ್ರಕ್ಕೆಂದೇ ಹುಟ್ಟಿದುದು. ಅದರಲ್ಲಿರುವ ‘ಕಾಂಬ್‌ಎನ್’ ಎಂಬ ಆದೇಶ ಪುನರಾವರ್ತನೆಯಿಲ್ಲದ ವಿಕಲ್ಪಗಳನ್ನು ಮಾತ್ರ ಬರೆದುಕೊಡುತ್ತದೆ. ಆದರೆ 8 ಮತ್ತು 3ನ್ನು ಕೊಟ್ಟು ಅವನ್ನು ಬರೆಸಿ, ಪ್ರತಿಯೊಂದು ಕಂಬಸಾಲಿನಿಂದಲೂ 0, 1, 2ನ್ನು ಕಳೆದರೆ ದಾಳಗಳ 56 ಫಲಗಳೂ ಸಿದ್ಧ. ಎಲ್ಲ 216ನ್ನೂ ಬರೆಸಿ ಬೇಡದವನ್ನು ತೆಗೆದುಹಾಕುವ ಮಾರ್ಗವೂ ಉಂಟು. ಆದರೆ 10 ಬಗೆಯ ವಸ್ತುಗಳಿಂದ 10ನ್ನು ಆರಿಸುವುದಾದರೆ ಆ ಮಾರ್ಗದಲ್ಲಿ 1,000 ಕೋಟಿ ಸಾಲುಗಳನ್ನು ಬರೆಯಬೇಕು. ಕಳೆಯುವ ಮಾರ್ಗದಲ್ಲಿ 92,378 ಸಾಕು.

ಪಟ್ಟಿ ಸಿದ್ಧವಾದೊಡನೆ ಕೆಲಸ ಮುಗಿಯಲಿಲ್ಲ. ಮೂರು ದಾಳಗಳ ಮೊತ್ತ 9 ಆಗುವ ವಿಕಲ್ಪಗಳು ಆರು. 10 ಆಗುವುವೂ ಆರು. ಹಾಗಾದರೆ ಎರಡು ಮೊತ್ತಗಳೂ ಸಮನಾಗಿ ಬೀಳಬೇಕಲ್ಲವೆ? ಜೂಜಾಡುವವರ ಅನುಭವ ಬೇರೆಯಾಗಿತ್ತು. 17ನೆಯ ಶತಮಾನದ ಆದಿಭಾಗದಲ್ಲಿ ಗೆಲಿಲಿಯೋ ಇದರ ಕಾರಣವನ್ನು ವಿವರಿಸಿದನು. 1, 2, 6 ಎಂಬ ಫಲ ಆರು ರೀತಿಗಳಲ್ಲಿ ಬೀಳಬಲ್ಲುದು. 1, 4, 4 ಮೂರು ರೀತಿಗಳಲ್ಲಿ. 3, 3, 3 ಒಂದೇ ರೀತಿಯಲ್ಲಿ. ಹೀಗೆ ತೂಗಿ ನೋಡಿದರೆ 216ರಲ್ಲಿ 9ಕ್ಕೆ 25 ಅವಕಾಶಗಳು, 10ಕ್ಕೆ 27. ವಿಕಲ್ಪಗಳನ್ನು 56ರಿಂದ ಭಾಗಿಸಿ ಸಂಭವನೀಯತೆಯನ್ನು ಪಡೆಯಲು ಹೊರಟವನು ತಪ್ಪುವನು.

ಆದರೆ ಪ್ರಕೃತಿ ಎಲ್ಲೆಡೆಯೂ ದಾಳದಂತೆ ನಡೆಯುವುದಿಲ್ಲ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿದ್ದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಹೊಸ ರೀತಿಯಲ್ಲಿ ಎಣಿಸಿ ಪ್ಲಾಂಕನ ವಿಕಿರಣ ನಿಯಮವನ್ನು ಪಡೆದರು. ಐನ್‌ಸ್ಟೈನನು ಆ ಲೇಖನವನ್ನು ತಾನೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದನು. ಎರಡು ನಾಣ್ಯಗಳನ್ನು ಚಿಮ್ಮಿದರೆ ಒಂದು ರಾಜ, ಒಂದು ರಾಣಿ ಬೀಳುವ ಅವಕಾಶ ಎರಡರಲ್ಲೊಂದು. ಸಮಾನ ಅವಕಾಶವುಳ್ಳ ಎರಡು ಸ್ಥಿತಿಗಳಲ್ಲಿ ಎರಡು ಬೆಳಕಿನ ಕಣಗಳನ್ನು ಹಂಚಿದರೆ, ಒಂದೊಂದರಲ್ಲೂ ಒಂದೊಂದಿರುವ ಅವಕಾಶ ಮೂರರಲ್ಲೊಂದು! ಆ ಕಣಗಳಲ್ಲಿ ‘ಇದು’, ‘ಅದು’ ಎಂಬ ಭೇದವೇ ಇಲ್ಲ. ಆದುದರಿಂದ ಅಲ್ಲಿ ಪುನರಾವರ್ತನೆಯುಳ್ಳ ವಿಕಲ್ಪಗಳಿಗೆಲ್ಲ ಒಂದೇ ತೂಕ.

ಗಣಕಯಂತ್ರವು ದಾಳಕ್ಕೂ ಬೆಳಕಿಗೂ ಒಂದೇ ಪಟ್ಟಿಯನ್ನು ಬರೆದುಕೊಡುತ್ತದೆ. ಪಟ್ಟಿಯ ಸಾಲುಗಳಿಗೆ ಯಾವ ತೂಕವನ್ನು ಕೊಡಬೇಕೆಂಬುದನ್ನು ಎಣಿಸಲಾಗುವ ವಸ್ತುವಿನ ಸ್ವಭಾವವನ್ನು ನೋಡಿಯೇ ತಿಳಿಯಬೇಕು.