ಪಟ್ಟಿಗೆ ಕಾಣದ ಅಲ್ಬುಮಿನ್

ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್, ಮುಖ ಮತ್ತು ಕೈಕಾಲು ಊದಿಕೊಂಡು ಬಂದ ರೋಗಿಗಳ ಮೂತ್ರವನ್ನು ಕಾಯಿಸಿ ನೋಡುತ್ತಿದ್ದರು. ಅದಕ್ಕೆ ಒಂದು ಚಮಚ, ಒಂದು ಮೇಣದಬತ್ತಿ ಇದ್ದರೆ ಸಾಕಿತ್ತು. ಕೆಲವರ ಮೂತ್ರ ಬಿಸಿ ತಾಗುತ್ತಲೇ ಬೆಳ್ಳಗಾಗಿ, ಬೆಂದ ಮೊಟ್ಟೆಯ ಬಿಳಿಯಂತೆ ಗರಣೆಗಟ್ಟುತ್ತಿತ್ತು. ಹದಿನೆಂಟನೆಯ ಶತಮಾನದಲ್ಲೇ ಇಟಲಿಯ ದೊಮೆನಿಕೊ ಕೊತುನ್ಯೊ ಮೈ ಊದಿದ ಸೈನಿಕನೊಬ್ಬನ ಮೂತ್ರದಲ್ಲಿ ಇದನ್ನು ಕಂಡು ಬರೆದಿಟ್ಟಿದ್ದರು. ಬ್ರೈಟ್ ಅಲ್ಲಿಗೆ ನಿಲ್ಲಲಿಲ್ಲ. ಅಂಥ ರೋಗಿಗಳು ತೀರಿಕೊಂಡಾಗ ಶವಪರೀಕ್ಷೆ ನಡೆಸಿ ಮೂತ್ರಪಿಂಡಗಳನ್ನು ನೋಡಿದರು. ಅವು ಕೆಟ್ಟುಹೋಗಿದ್ದವು. ಊತ, ಗರಣೆಗಟ್ಟುವ ಮೂತ್ರ, ಹಾಳಾದ ಮೂತ್ರಪಿಂಡ, ಈ ಮೂರೂ ಒಂದೇ ರೋಗದ ಮುಖಗಳೆಂದು 1827ರಲ್ಲಿ ಅವರು ಪ್ರಕಟಿಸಿದರು. ಬಹುಕಾಲ ಆ ರೋಗಕ್ಕೆ ಅವರ ಹೆಸರೇ ಇತ್ತು.

ಈ ಶೋಧದಿಂದ ರೋಗ ಎಲ್ಲಿದೆ ಎಂಬುದು ತಿಳಿಯಿತು. ಆದರೆ ಅದು ತಿಳಿಯುವ ಹೊತ್ತಿಗೆ ರೋಗಿಯ ಮೂತ್ರಪಿಂಡ ಬಹಳಷ್ಟು ಹಾಳಾಗಿರುತ್ತಿತ್ತು.

ತಡವಾಗಿ ತಿಳಿಯುವುದಕ್ಕೆ ಕಾರಣ ಆ ಅಂಗದ ರಚನೆಯಲ್ಲೇ ಇದೆ. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಎರಡೂ ಸೇರಿ ದಿನಕ್ಕೆ ಹೆಚ್ಚುಕಡಿಮೆ 180 ಲೀಟರ್ ದ್ರವವನ್ನು ಸೋಸಿ, ಬೇಕಾದ್ದನ್ನೆಲ್ಲ ಹಿಂದಕ್ಕೆ ಹೀರಿಕೊಂಡು, ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಕೆಲವು ಘಟಕಗಳು ಸತ್ತರೆ ಉಳಿದವು ಆ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಹಾಗಾಗಿ ನೋವಿಲ್ಲ, ಸುಸ್ತಿಲ್ಲ. ಮೂತ್ರಪಿಂಡ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟ ಕೂಡ ರಕ್ತದಲ್ಲಿ, ಸಾಮರ್ಥ್ಯ ಅರ್ಧದಷ್ಟು ಕುಸಿಯುವವರೆಗೆ, ಸರಿಯಾಗಿಯೇ ಇರುವಂತೆ ಕಾಣಬಹುದು.

ಸಕ್ಕರೆ ಕಾಯಿಲೆಯವರ ಪಾಲಿಗೆ ಈ ಮೌನ ದುಬಾರಿಯಾಯಿತು. 1920ರ ದಶಕದಲ್ಲಿ ಇನ್ಸುಲಿನ್ ಬಂದಮೇಲೆ ಅವರು ಹೆಚ್ಚು ವರ್ಷ ಬದುಕತೊಡಗಿದರು. ಬದುಕಿದ ಹಾಗೆಲ್ಲ ಮೂತ್ರಪಿಂಡದ ತೊಂದರೆ ಎದ್ದು ಕಾಣತೊಡಗಿತು. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್, ಮಧುಮೇಹಿಗಳ ಸೋಸುಘಟಕಗಳಲ್ಲಿ ಬೆಳೆದ ವಿಶಿಷ್ಟ ಗಂಟುಗಳನ್ನು ವಿವರಿಸಿದರು. ಅವರೂ ನೋಡಿದ್ದು ಸತ್ತವರ ಮೂತ್ರಪಿಂಡಗಳನ್ನೇ.

1950ರ ದಶಕದ ಕೊನೆಗೆ ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಿಸುವ ಕಾಗದದ ಪಟ್ಟಿ ಬಂತು. ಮೇಣದಬತ್ತಿಯ ಕೆಲಸ ಸುಲಭವಾಯಿತು, ಆದರೆ ಪಟ್ಟಿಯ ಕಣ್ಣೂ ಅಷ್ಟೇನೂ ಚುರುಕಾಗಿರಲಿಲ್ಲ. ಕಾಯಿಸಿದಾಗ ಗರಣೆಗಟ್ಟುತ್ತಿದ್ದದ್ದು ಮುಖ್ಯವಾಗಿ ಅಲ್ಬುಮಿನ್ ಎಂಬ ಪ್ರೋಟೀನು. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ ಹೋಗುವ ಅಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ. ಪಟ್ಟಿ ಖಚಿತವಾಗಿ ಬಣ್ಣ ತಿರುಗಲು ಸುಮಾರು 300 ಮಿಲಿಗ್ರಾಂ ಬೇಕು. ಇವೆರಡರ ನಡುವೆ ಏನು ನಡೆದರೂ ವರದಿಯಲ್ಲಿ ‘ಇಲ್ಲ’ ಎಂದೇ ಬರುತ್ತಿತ್ತು.

ಆ ನಡುವಿನ ಕತ್ತಲೆಗೆ ಬೆಳಕು ಬಂದದ್ದು ಬೇರೆ ಕಡೆಯಿಂದ. ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್, ರಕ್ತದಲ್ಲಿರುವ ಅತ್ಯಲ್ಪ ಇನ್ಸುಲಿನ್ನನ್ನು ಅಳೆಯಲು ಪ್ರತಿಕಾಯ ಮತ್ತು ವಿಕಿರಣ ಸೂಸುವ ಅಯೋಡಿನ್ ಎರಡನ್ನೂ ಬಳಸುವ ವಿಧಾನ ಕಟ್ಟಿದರು. ಪ್ರತಿಕಾಯ ತನಗೆ ಹೊಂದುವ ಪ್ರೋಟೀನನ್ನು ಮಾತ್ರ ಹಿಡಿಯುತ್ತದೆ. ವಿಕಿರಣದ ಗುರುತು ಹಚ್ಚಿದ ಪ್ರೋಟೀನು ಮತ್ತು ರೋಗಿಯ ಪ್ರೋಟೀನು ಅದರ ಮೇಲಿನ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಗುರುತಿನದು ಎಷ್ಟು ಸೋತಿತು ಎಂದು ಎಣಿಸಿದರೆ ರೋಗಿಯದು ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಈ ವಿಧಾನಕ್ಕಾಗಿ ಯಾಲೋ 1977ರಲ್ಲಿ ನೊಬೆಲ್ ಪಡೆದರು. ಬರ್ಸನ್ ಆಗಲೇ ತೀರಿಕೊಂಡಿದ್ದರು.

ಈ ವಿಧಾನವನ್ನು ಮೂತ್ರದ ಅಲ್ಬುಮಿನ್ನಿಗೆ ಹೊಂದಿಸಿದ್ದು ಹ್ಯಾರಿ ಕೀನ್ ಮತ್ತು ಅವರ ಸಹೋದ್ಯೋಗಿ ಕ್ಲೂವೆರಾಕಿಸ್. ವರ್ಷ 1963. ಸ್ಥಳ ಬ್ರೈಟ್ ಕೆಲಸ ಮಾಡಿದ ಅದೇ ಗೈಸ್ ಆಸ್ಪತ್ರೆ. ಅದರ ಹಿಂದಿನ ವರ್ಷ ಬೆಡ್‌ಫರ್ಡ್ ಪಟ್ಟಣದಲ್ಲಿ ಸಕ್ಕರೆ ಕಾಯಿಲೆಯ ದೊಡ್ಡ ಸಮೀಕ್ಷೆ ನಡೆದಿತ್ತು. ಸಕ್ಕರೆ ಹೆಚ್ಚಿದೆ ಎಂದು ಅಲ್ಲಿ ಹೊಸದಾಗಿ ತಿಳಿದುಬಂದವರ ಮೂತ್ರದಲ್ಲಿ ಅಲ್ಬುಮಿನ್ ಉಳಿದವರಿಗಿಂತ ಹೆಚ್ಚಿತ್ತು, ಪಟ್ಟಿಗೆ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ. ರಕ್ತದೊತ್ತಡ ಏರಿದವರಲ್ಲಿ ಇದೂ ಏರಿತ್ತು.

ಅಲ್ಬುಮಿನ್ನಿನ ಸಣ್ಣ ಸೋರಿಕೆ ಕಂಡಿತು, ಸರಿ. ಅದು ಮುಂಬರುವ ಕೆಡುಕಿನ ಸೂಚನೆಯೋ ಅಥವಾ ಸಕ್ಕರೆ ಏರಿದಾಗ ಬಂದುಹೋಗುವಂಥದ್ದೋ? ಯಾವ ಯಂತ್ರವೂ ಇದಕ್ಕೆ ಉತ್ತರ ಹೇಳಲಾರದು. ಅದೇ ಜನರನ್ನು ವರ್ಷಗಟ್ಟಲೆ ಕಾದು ನೋಡಬೇಕು. ಈ ಆವಿಷ್ಕಾರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಕಾಯುವಿಕೆಯೇ.

1966–67ರಲ್ಲಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ 87 ಮಂದಿಯ ಮೂತ್ರದ ಅಲ್ಬುಮಿನ್ನನ್ನು ಅಳೆದು ಲೆಕ್ಕ ಬರೆದಿಡಲಾಗಿತ್ತು. ಸುಮಾರು ಹದಿನಾಲ್ಕು ವರ್ಷಗಳ ನಂತರ ಜಾನ್‌ಕಾರ್ಲೊ ವಿಬೆರ್ತಿ, ಕೀನ್ ಮತ್ತು ಸಂಗಡಿಗರು ಆ ದಾಖಲೆ ಹಿಡಿದು ಹಳೆಯ ರೋಗಿಗಳನ್ನು ಹುಡುಕಿದರು. ಬದುಕಿದ್ದವರಲ್ಲಿ 63 ಮಂದಿಯನ್ನು ಮತ್ತೆ ಪರೀಕ್ಷಿಸಿದರು. ಮೊದಲ ಅಳತೆಯಲ್ಲಿ ಅಲ್ಬುಮಿನ್ ನಿಮಿಷಕ್ಕೆ 30 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದ 55 ಮಂದಿಯಲ್ಲಿ ಇಬ್ಬರಿಗೆ ಮಾತ್ರ ಮೂತ್ರಪಿಂಡದ ಕಾಯಿಲೆ ಪಟ್ಟಿಗೆ ಕಾಣುವ ಮಟ್ಟಕ್ಕೆ ಬೆಳೆದಿತ್ತು. 30ರಿಂದ 140ರ ನಡುವೆ ಇದ್ದವರು ಎಂಟೇ ಮಂದಿ. ಅವರಲ್ಲಿ ಏಳು ಮಂದಿಗೆ ಬೆಳೆದಿತ್ತು.

ಎಂಟರಲ್ಲಿ ಏಳು! 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಡೆನ್ಮಾರ್ಕಿನ ಪಾರ್ವಿಂಗ್ ಮತ್ತು ಮೊಗೆನ್ಸೆನ್ ಕೂಡ ತಮ್ಮ ತಮ್ಮ ರೋಗಿಗಳಲ್ಲಿ ಇದೇ ಜಾಡು ಕಂಡರು. ವಯಸ್ಸಾದ ಮೇಲೆ ಬರುವ ಮಧುಮೇಹದಲ್ಲಿ ಈ ಸೋರಿಕೆ ಬೇಗನೆ ಬರುವ ಸಾವಿನ ಮುನ್ಸೂಚನೆಯೂ ಹೌದೆಂದು 1984ರಲ್ಲಿ ಮೊಗೆನ್ಸೆನ್ ತೋರಿಸಿದರು. ಹೃದಯ ಮತ್ತು ರಕ್ತನಾಳಗಳ ಅಪಾಯವನ್ನೂ ಅದು ಸೂಚಿಸುತ್ತದೆ ಎಂಬುದು ಮುಂದೆ ಖಚಿತವಾಯಿತು. ಸೋರಿಕೆಯಿದ್ದವರೆಲ್ಲರಿಗೂ ರೋಗ ಮುಂದುವರಿಯುವುದಿಲ್ಲ, ಕೆಲವರಲ್ಲಿ ಅದು ಮತ್ತೆ ಇಳಿಯುವುದೂ ಉಂಟು ಎಂಬ ಸಮಾಧಾನದ ಸಂಗತಿಯೂ ನಂತರದ ವರ್ಷಗಳಲ್ಲಿ ತಿಳಿಯಿತು.

ಮುನ್ಸೂಚನೆ ಸಿಕ್ಕರೆ ಸಾಲದು, ಮಾಡಲು ಏನಾದರೂ ಇರಬೇಕು. ಅದೂ ಸಿಕ್ಕಿತು. ಈ ಆರಂಭದ ಹಂತದಲ್ಲಿದ್ದ 590 ಮಧುಮೇಹಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶವನ್ನು 2001ರಲ್ಲಿ ಪಾರ್ವಿಂಗ್ ಮತ್ತು ಸಂಗಡಿಗರು ಪ್ರಕಟಿಸಿದರು. ಎರಡು ವರ್ಷಗಳಲ್ಲಿ ಔಷಧಿಯಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 14.9 ಮಂದಿಗೆ ರೋಗ ಮುಂದುವರಿಯಿತು. ಇರ್ಬೆಸಾರ್ಟನ್ ಎಂಬ ಬಿ.ಪಿ. ಮಾತ್ರೆಯನ್ನು ದಿನಕ್ಕೆ 300 ಮಿಲಿಗ್ರಾಂ ಪಡೆದವರಲ್ಲಿ ಅದು ಶೇ. 5.2ಕ್ಕೆ ಇಳಿದಿತ್ತು.

ಇಂದು ವಿಕಿರಣದ ಅಯೋಡಿನ್ ಬೇಕಿಲ್ಲ, ಇಡೀ ದಿನದ ಮೂತ್ರ ಕೂಡಿಡುವುದೂ ಬೇಕಿಲ್ಲ. ಬೆಳಗಿನ ಮೊದಲ ಮೂತ್ರದ ಸಣ್ಣ ಡಬ್ಬಿ ಸಾಕು. ಲ್ಯಾಬಿನಲ್ಲಿ ಅಲ್ಬುಮಿನ್ನನ್ನೂ ಕ್ರಿಯಾಟಿನಿನ್ನನ್ನೂ ಅಳೆದು ಅನುಪಾತ ಹಾಕುತ್ತಾರೆ. ಹೆಚ್ಚು ನೀರು ಕುಡಿದು ಮೂತ್ರ ತೆಳುವಾಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂ ಅಲ್ಬುಮಿನ್ ಎಂಬುದು ಗಡಿ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಕಠಿಣ ವ್ಯಾಯಾಮ ಕೂಡ ಅದನ್ನು ಏರಿಸಬಲ್ಲವು. ಆದ್ದರಿಂದ ಒಂದೇ ವರದಿ ನೋಡಿ ಹೆದರಬಾರದು. ಕೆಲವು ತಿಂಗಳೊಳಗೆ ಮತ್ತೆ ಮಾಡಿಸಿ, ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ನಿಜವೆಂದು ತಿಳಿಯಬೇಕು.

ನಮ್ಮ ಮನೆಗಳಲ್ಲಿ ಶುಗರ್ ಇರುವವರು ತಿಂಗಳು ತಿಂಗಳು ರಕ್ತ ಕೊಡುತ್ತಾರೆ, ಸಕ್ಕರೆಯ ಅಂಕಿ ನೋಡಿ ನಿಟ್ಟುಸಿರು ಬಿಡುತ್ತಾರೆ. ಮೂತ್ರದ ಈ ಪರೀಕ್ಷೆಯ ನೆನಪು ಬರುವುದು ಕಾಲು ಊದಿದ ಮೇಲೆ. ಅಲ್ಲಿಗೆ ನಾವು 1827ಕ್ಕೆ ಮರಳಿದಂತಾಯಿತು. ವಯಸ್ಕರ ಮಧುಮೇಹ ಪತ್ತೆಯಾದ ದಿನದಿಂದಲೇ, ಎಳೆಯರ ಮಧುಮೇಹದಲ್ಲಿ ಐದು ವರ್ಷ ಕಳೆದ ಮೇಲೆ, ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು. ಬಿ.ಪಿ. ಇರುವವರೂ ವೈದ್ಯರನ್ನು ಕೇಳಿ ಮಾಡಿಸುವುದು ಒಳ್ಳೆಯದು. ಲ್ಯಾಬಿನ ಚೀಟಿಯಲ್ಲಿ ‘ಯೂರಿನ್ ರೊಟೀನ್’ ಎಂದಷ್ಟೇ ಇದ್ದರೆ, ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನೂ ಬರೆದುಕೊಡಿ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.