ಅಕ್ಕಡಿ ಸಾಲಿನ ಹೂವು

ಕಾರ್ತಿಕದ ಬಿಸಿಲು ಏರುವ ಹೊತ್ತಿಗೆ ಕೊಣನೂರಿನ ಸುತ್ತಲ ರಾಗಿ ಹೊಲಗಳು ಎರಡು ಬಣ್ಣಕ್ಕೆ ತಿರುಗಿರುತ್ತವೆ. ತೆನೆ ಬಲಿತು ಕಂದಾಗುತ್ತಿರುವ ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಹಳದಿಯಾಗಿ ಅರಳಿದ ಹುಚ್ಚೆಳ್ಳು. ಕಾವೇರಿಯ ಕಡೆಯಿಂದ ಹಬ್ಬಿದ ಮಂಜು ಕರಗುವವರೆಗೆ ಹೊಲ ಸುಮ್ಮನಿರುತ್ತದೆ. ಇಬ್ಬನಿ ಆರಿತೋ, ಝೇಂಕಾರ ಶುರು. ಆ ಸದ್ದೆಲ್ಲ ಹಳದಿ ಸಾಲಿನದೇ. ರಾಗಿಗೆ ಜೇನಿನ ಹಂಗಿಲ್ಲ, ತನ್ನ ಪರಾಗದಲ್ಲೇ ಕಾಳು ಕಟ್ಟಿಕೊಳ್ಳುತ್ತದೆ. ಹುಚ್ಚೆಳ್ಳು ಹಾಗಲ್ಲ. ತನ್ನದೇ ಗಿಡದ ಪರಾಗ ಮೈಮೇಲೆ ಸುರಿದರೂ ಅದು ಒಪ್ಪುವುದಿಲ್ಲ. ಇನ್ನೊಂದು ಗಿಡದ್ದೇ ಬರಬೇಕು, ತರುವವರೊಬ್ಬರು ಬೇಕು.

ಯಾರು ತರುತ್ತಾರೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಒಂದಷ್ಟು ಮೊಗ್ಗುಗಳಿಗೆ ತೆಳು ಪರದೆಯ ಚೀಲ ಕಟ್ಟಿ, ಪಕ್ಕದವನ್ನು ತೆರೆದೇ ಬಿಡುತ್ತಾರೆ. ಯಾವ ನೊಣ ಎಷ್ಟು ಹೊತ್ತಿಗೆ ಬಂತು, ಹೂವಿನ ಮೇಲೆ ಎಷ್ಟು ಸೆಕೆಂಡು ನಿಂತಿತು, ಅಲ್ಲಿಂದ ಅದೇ ಗಿಡಕ್ಕೆ ಹೋಯಿತೋ ಮುಂದಿನ ಗಿಡಕ್ಕೋ ಎಂದು ಕೂತು ಬರೆದುಕೊಳ್ಳುತ್ತಾರೆ. ಕಾಳು ಬಲಿತ ಮೇಲೆ ಎರಡೂ ಕಡೆ ಎಣಿಸುತ್ತಾರೆ. ಇಷ್ಟು ತಾಳ್ಮೆ ಏಕೆ ಬೇಕೆಂದರೆ, ಹೂವಿಗೆ ಬಂದವರೆಲ್ಲ ಹೂವಿನ ಕೆಲಸ ಮಾಡಿ ಹೋಗುವುದಿಲ್ಲ. ಕೆಲವು ದುಂಬಿಗಳು ಉದ್ದ ಕೊಳವೆಯ ಹೂವನ್ನು ಬುಡದಲ್ಲೇ ಸೀಳಿ, ಪರಾಗ ಮುಟ್ಟದೆ ಮಕರಂದ ಹೀರಿ ಹಾರಿಬಿಡುತ್ತವೆ.

ಹೆಜ್ಜೇನು, ತುಡುವೆ, ಕಡ್ಡಿಜೇನು, ಮುಜಂಟಿ: ತುಪ್ಪ ಕೊಡುವ ಈ ನಾಲ್ಕನ್ನು ಹಳ್ಳಿಯ ಮಕ್ಕಳೂ ಬಲ್ಲರು. ಆದರೆ ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಬಗೆಯ ಜೇನುಗಳಿವೆ. ಬಹುಪಾಲಿನವು ಗೂಡಿನಲ್ಲಿ ಒಕ್ಕಲು ಕಟ್ಟದ, ತುಪ್ಪ ಕೂಡಿಡದ ಒಂಟಿಜೀವಿಗಳು. 1897ರಲ್ಲಿ ಚಾರ್ಲ್ಸ್ ಬಿಂಗಮ್ ಬ್ರಿಟಿಷ್ ಇಂಡಿಯಾದ ಜೇನು, ಕಣಜಗಳ ಬಗ್ಗೆ ಬರೆದ ಸಂಪುಟವನ್ನು ಇವುಗಳ ಗುರುತು ಹಿಡಿಯಲು ಇಂದಿಗೂ ನಮ್ಮ ಕೀಟತಜ್ಞರು ತೆರೆಯುತ್ತಾರೆ. ತುಪ್ಪ ಕೊಡದ್ದರಿಂದಲೇ ಈ ಒಂಟಿಗಳು ನಮ್ಮ ಕಣ್ಣಿಗೆ ಬೀಳಲಿಲ್ಲ ಎಂದು ನನ್ನ ನಂಬಿಕೆ.

ಒಂದನ್ನು ಹತ್ತಿರದಿಂದ ನೋಡಬೇಕಾದರೆ ಬದನೆ ಸಾಲಿನ ಪಕ್ಕ ಕೂರಬೇಕು. ಬದನೆ ಹೂವಿನಲ್ಲಿ ಮಕರಂದವೇ ಇಲ್ಲ. ಹಳದಿ ಕೇಸರಗಳು ಒತ್ತಾಗಿ ನಿಂತಿರುತ್ತವೆ, ಪರಾಗವೆಲ್ಲ ಅವುಗಳ ಒಳಗೆ. ಹೊರಬರಲು ತುದಿಯಲ್ಲೊಂದು ಸಣ್ಣ ತೂತು ಮಾತ್ರ. ತುಡುವೆ ಬಂದರೂ ಆ ಬೀಗ ತೆಗೆಯಲು ಅದಕ್ಕೆ ಬಾರದು. ಆಗ ಬರುತ್ತದೆ ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟೆಗಳಿರುವ ದುಂಬಿ. ಗಾಳಿಯಲ್ಲೇ ಒಂದು ಕ್ಷಣ ನಿಂತು, ಕೇಸರವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆಯೇ ಹಾರಾಟದ ಸ್ನಾಯುಗಳನ್ನು ಸೆಕೆಂಡಿಗೆ ನೂರಾರು ಬಾರಿ ಅದುರಿಸುತ್ತದೆ. ಹಾರುವಾಗಿನ ಗುಂಯ್‌ಗಿಂತ ಮೇಲಿನ ಶ್ರುತಿಯ, ಚುಟುಕಾದ ಸದ್ದೊಂದು ಕೇಳುತ್ತದೆ. ಜರಡಿ ಕುಟ್ಟಿದಾಗ ಹಿಟ್ಟು ಉದುರುವಂತೆ ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ರಸ್ತೆ ಬದಿಯ ತಂಗಡಿಯದೂ ಇದೇ ರೀತಿ. ಅದರಲ್ಲಿ ಎರಡು ಬಗೆಯ ಕೇಸರಗಳು: ಗಿಡ್ಡವು ದುಂಬಿಗೆ ಉಣ್ಣಿಸಲು, ಉದ್ದದವು, ಅದು ಉಣ್ಣುತ್ತಿರುವಾಗಲೇ ಅದರ ಮೈಗೆ ಪರಾಗ ಬಳಿಯಲು.

ಈ ನೀಲಿಪಟ್ಟೆ ದುಂಬಿ ಮಣ್ಣಿನಲ್ಲಿ, ಹಳೆಯ ಮನೆಗಳ ಮಣ್ಣುಗೋಡೆಯಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಗಂಡುಗಳಿಗೆ ಮನೆಯಿಲ್ಲ, ಸಂಜೆಯಾದರೆ ಒಣಗಿದ ಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿ ಸಾಲಾಗಿ ನಿದ್ದೆ ಹೋಗುತ್ತವೆ. ಕರಿದುಂಬಿಗೆ ಬಿದಿರು, ಒಣಮರ ಬೇಕು. ಅದು ಕೊರೆದ ಸುರಂಗದಲ್ಲಿ ಪರಾಗದ ಉಂಡೆಯೊಂದು, ಮೇಲೊಂದು ಮೊಟ್ಟೆ, ಮರದ ಪುಡಿಯ ಅಡ್ಡಗೋಡೆ, ಮತ್ತೆ ಉಂಡೆ. ಎಕ್ಕದ ಹೂವು ಪರಾಗವನ್ನು ಪುಡಿಯಾಗಿ ಕೊಡದೆ ಜೋಡಿ ಗಂಟಾಗಿ ಕಟ್ಟಿ ಈ ಕರಿದುಂಬಿಯ ಕಾಲಿಗೇ ಸಿಕ್ಕಿಸಿ ಕಳಿಸುತ್ತದೆ. ಅವರೆ ಹೂವಿನ ದಳ ಬಗ್ಗಿ ಒಳಗಿನ ಕೇಸರ ಹೊರಬರಲು ಇಂಥದ್ದರ ಭಾರವೇ ಬೇಕು.

ಇನ್ನು ಊರ ಮುಖ್ಯ ಬೆಳೆಯ ಮಾತು. ರಾಮನಾಥಪುರದ ಹರಾಜು ಕಟ್ಟೆಗೆ ಹೋಗುವ ಹೊಗೆಸೊಪ್ಪು ಮುಂಗಾರಿನಲ್ಲಿ ಈ ನೆಲವನ್ನು ತುಂಬುತ್ತದೆ. ಎಲೆ ದಪ್ಪವಾಗಲಿ ಎಂದು ಅದರ ಹೂವಿನ ಕುಡಿಯನ್ನು ಮುರಿದುಹಾಕುತ್ತಾರೆ. ಶುಂಠಿ ಗೆಡ್ಡೆಗಾಗಿ, ಆಲೂಗೆಡ್ಡೆಯೂ ಗೆಡ್ಡೆಗಾಗಿ. ಜೋಳಕ್ಕೆ ಗಾಳಿಯೇ ಸಾಕು. ಕಣ್ಣು ಹಾಯುವಷ್ಟು ದೂರ ಹಸಿರಿದ್ದರೂ ದುಂಬಿಗೆ ಅಲ್ಲಿ ಸಿಗುವುದು ಅಷ್ಟಕ್ಕಷ್ಟೆ. ಆ ತಿಂಗಳುಗಳಲ್ಲಿ ಅದನ್ನು ಸಾಕುವುದು ಬದುವಿನ ತುಂಬೆ, ಬೇಲಿಯ ಲಕ್ಕಿ, ಹಿತ್ತಲಿನ ಕುಂಬಳ. ತುಂಬೆಯ ಬಿಳಿ ಹೂವಿನ ಮೇಲ್ದಳದ ಕೆಳಗೆ ಅಡಗಿದ ಕೇಸರ, ಜೇನು ತಲೆ ತೂರಿಸಿದೊಡನೆ ಅದರ ಬೆನ್ನಿಗೆ ಒರೆಸಿಕೊಳ್ಳುತ್ತದೆ. ಬದುವನ್ನು ಕಳೆನಾಶಕ ಹೊಡೆದು ಬೋಳು ಮಾಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಒಲೆಗೆ ಸೌದೆಯಾಗಿ ಹೋಗುವ ಮರಗಳದೂ ಅದೇ ಸಂಕಟ.

ಹೂವು ಮತ್ತು ಜೇನಿನ ನಂಟಿನ ಬಗ್ಗೆ ನಮ್ಮ ನಾಡಿನಲ್ಲೇ ಸೊಗಸಾದ ಅಧ್ಯಯನಗಳಾಗಿವೆ. ಏಲಕ್ಕಿ ಹೂವಿನ ಕೊಳವೆ ಜೇನಿನ ನಾಲಗೆಗಿಂತ ಬಹಳ ಉದ್ದ. ಆದರೂ ಅದು ಮಕರಂದ ಕುಡಿಯುವುದು ಹೇಗೆ? ವಿ.ವಿ. ಬೆಳವಡಿ ಮತ್ತು ಸಂಗಡಿಗರು 1997ರಲ್ಲಿ ಉತ್ತರ ಕೊಟ್ಟರು. ಕೊಳವೆಯ ಒಳಗೇ ಹಾದುಹೋಗುವ ಶಲಾಕೆಯ ಸಂದಿನಲ್ಲಿ ಮಕರಂದ ತಾನಾಗಿ ಮೇಲೇರಿ ನಾಲಗೆಗೆ ಎಟುಕುತ್ತದೆ.

ಕೊಣನೂರಿನಿಂದ ಹೊಳೆಗುಂಟ ಮೇಲಕ್ಕೆ ಹೋದರೆ ಕೊಡಗು. ಅಲ್ಲಿನ ರೊಬಸ್ಟಾ ಕಾಫಿಯೂ ಹುಚ್ಚೆಳ್ಳಿನಂತೆ ಅನ್ಯ ಗಿಡದ ಪರಾಗವನ್ನೇ ಬೇಡುತ್ತದೆ. ಸ್ಮಿತಾ ಕೃಷ್ಣನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕೆಲಸದ ದೊಡ್ಡ ಪಾಲು ಹೆಜ್ಜೇನಿನದು ಎಂದು ಕಂಡುಬಂತು. ಹೂಮಳೆ ಬಿದ್ದು ಎಲ್ಲ ತೋಟಗಳೂ ಒಂದೇ ದಿನ ಅರಳಿದರೆ ನೊಣಗಳು ಹಂಚಿಹೋಗುತ್ತವೆ. ಒಬ್ಬರ ತೋಟಕ್ಕೆ ಮಾತ್ರ ನೀರು ಹಾಯಿಸಿ ಅರಳಿಸಿದರೆ ಅಲ್ಲಿಗೇ ಮುತ್ತುತ್ತವೆ. ಆದರೆ ಕಾಫಿ ಹೂವು ನಿಲ್ಲುವುದು ಎರಡು ಮೂರು ದಿನ. ಹೂವಿನ ಹಿಂದೆ ಊರೂರು ಅಲೆಯುವ ಹೆಜ್ಜೇನು ವರ್ಷದ ಉಳಿದ ದಿನಗಳನ್ನು ಎಲ್ಲಾದರೂ ಉಂಡು ಕಳೆಯಬೇಕು: ಬೇಸಿಗೆಯಲ್ಲಿ ಹೊಂಗೆ, ನೇರಳೆ, ಹೊಳೆದಂಡೆಯ ಮತ್ತಿ, ಹಿಂಗಾರಿನಲ್ಲಿ ಹುಚ್ಚೆಳ್ಳು, ತೊಗರಿ. ಕೊಡಗಿನ ಕಾಫಿಗೆ ಕಾಯಿ ಕಟ್ಟಿಸುವ ಜೇನಿನ ಊಟದ ಲೆಕ್ಕದಲ್ಲಿ ಕೊಣನೂರಿರುವ ಅರಕಲಗೂಡು ಸೀಮೆಯಂಥ ಬಯಲಿನ ಬದುಗಳನ್ನೂ ಸೇರಿಸಿಕೊಳ್ಳಬೇಕು.